ಮುಖಕ್ಕೆ ಬೀಳುವ ಬೆಳಕು

ಭಾವಚಿತ್ರವನ್ನು ತೆಗೆಸಿಕೊಳ್ಳುವವರಲ್ಲಿಯೂ ತೆಗೆಯುವವರಲ್ಲಿಯೂ ಬಹುಕಾಲದಿಂದ ಬೇರೂರಿರುವ ಒಂದು ಭಾವನೆಯೆಂದರೆ, ಮುಖದ ಮೇಲೆ ಬೆಳಕು ಎಷ್ಟು ಹೆಚ್ಚಾಗಿ ಬಿದ್ದರೆ ಚಿತ್ರವೂ ಅಷ್ಟೇ ಚೆನ್ನಾಗಿ ಮೂಡುವುದೆಂಬುದು. ಮನೆಯ ಹಿರಿಯರನ್ನು ಒಳಗಿನಿಂದ ಅಂಗಳಕ್ಕೆ ಕರೆತಂದು, ಕುರ್ಚಿಯನ್ನು ಬಿಸಿಲಿಗೆ ಎದುರಾಗಿ ಹಾಕಿ, ಹುಬ್ಬು ಗಂಟಿಕ್ಕಿ ಕಣ್ಣು ಕಿರಿದುಮಾಡಿಕೊಂಡು ಕುಳಿತ ಅವರನ್ನು ಸ್ವಲ್ಪ ನಗುವಂತೆ ಬೇಡಿಕೊಳ್ಳುವ ಪದ್ಧತಿಯು ಹುಟ್ಟಿಕೊಂಡದ್ದು ಈ ಭಾವನೆಯಿಂದಲೇ. ಆದರೆ ಮುಖದ ರೂಪವನ್ನು ಚಿತ್ರದಲ್ಲಿ ನಿಲ್ಲಿಸುವ ಶಕ್ತಿಯು ಬೆಳಕಿನ ಪ್ರಮಾಣದಲ್ಲಿಲ್ಲ. ಬೆಳಕು ಎತ್ತಣಿಂದ ಬಂದಿತು, ಅದರ ಮೂಲವು ಎಷ್ಟು ವಿಶಾಲವಾಗಿದ್ದಿತು, ಎಷ್ಟು ಸಮೀಪದಲ್ಲಿದ್ದಿತು ಎಂಬ ಮೂರು ಸಂಗತಿಗಳಲ್ಲಿದೆ. ಈ ಮೂರೂ ಸೇರಿ ನಿರ್ಣಯಿಸುವುದು ನೆರಳನ್ನು. ಭಾವಚಿತ್ರ ತೆಗೆಯಹೊರಟವನು ಮೊದಲು ನೋಡಲು ಕಲಿಯಬೇಕಾದದ್ದೂ ನೆರಳನ್ನೇ.

ಇದಕ್ಕೆ ಕಾರಣವು ನಮ್ಮ ದೃಷ್ಟಿಯ ಸ್ವಭಾವದಲ್ಲಿಯೇ ಇದೆ. ಮುಖವು ಏರಿಳಿತಗಳಿಂದ ಕೂಡಿದ ಘನವಸ್ತು: ಮೂಗು ಮುಂದಕ್ಕೆ ಚಾಚಿದೆ, ಕಣ್ಣುಗಳು ಗುಳಿಯೊಳಗೆ ನಿಂತಿವೆ, ಕೆನ್ನೆಯು ಉಬ್ಬಿ ಕಿವಿಯ ಕಡೆಗೆ ಇಳಿಯುತ್ತದೆ. ಎದುರಿಗೆ ಕುಳಿತವರನ್ನು ನಾವು ಎರಡು ಕಣ್ಣುಗಳಿಂದ ನೋಡುವುದರಿಂದಲೂ, ನೋಡುತ್ತಿರುವಷ್ಟು ಹೊತ್ತು ಅವರ ತಲೆಯೂ ನಮ್ಮ ತಲೆಯೂ ಅಷ್ಟಿಷ್ಟು ಅಲುಗುತ್ತಲೇ ಇರುವುದರಿಂದಲೂ, ಈ ಏರಿಳಿತಗಳು ನಮಗೆ ಪ್ರಯತ್ನವಿಲ್ಲದೆ ತಿಳಿದುಬರುತ್ತವೆ. ಕ್ಯಾಮರಾಕ್ಕೆ ಇರುವುದು ಒಂದೇ ಕಣ್ಣು. ಅದು ಹಿಡಿದ ಬಿಂಬವು ಸಮತಲವಾದ ಹಾಳೆಯ ಮೇಲೆ ನಿಶ್ಚಲವಾಗಿ ನಿಂತುಬಿಡುತ್ತದೆ. ಆಗ ಘನತೆಗೆ ಉಳಿಯುವ ಮುಖ್ಯ ಸಾಕ್ಷ್ಯವೆಂದರೆ ಬೆಳಕಿನಿಂದ ಕತ್ತಲೆಗೆ ಮೆಲ್ಲಮೆಲ್ಲನೆ ಇಳಿಯುವ ಛಾಯೆಗಳ ಕ್ರಮ. ಈ ಸಾಕ್ಷ್ಯವನ್ನು ಓದುವಲ್ಲಿ ಮಿದುಳು ಒಂದು ಪೂರ್ವಗ್ರಹವನ್ನು ಇಟ್ಟುಕೊಂಡಿರುತ್ತದೆ. ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಅವರು 1988ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಛಾಯೆಯ ಹೊರತು ಬೇರಾವ ಗುರುತೂ ಇಲ್ಲದ ವೃತ್ತಗಳನ್ನು ಜನರಿಗೆ ತೋರಿಸಲಾಯಿತು. ಮೇಲ್ಭಾಗ ಬೆಳ್ಳಗಿದ್ದ ವೃತ್ತಗಳು ಉಬ್ಬಿದಂತೆಯೂ, ಕೆಳಭಾಗ ಬೆಳ್ಳಗಿದ್ದವು ಗುಳಿಬಿದ್ದಂತೆಯೂ ಕಂಡುವು. ಹಾಳೆಯನ್ನು ತಲೆಕೆಳಗು ಮಾಡಿದೊಡನೆ ಉಬ್ಬು ಗುಳಿಯಾಗಿ, ಗುಳಿಯು ಉಬ್ಬಾಗಿ ಮಾರ್ಪಟ್ಟಿತು. ಬೆಳಕು ಮೇಲಿನಿಂದಲೇ ಬರುವುದೆಂದು ಮಿದುಳು ನಂಬಿಕೊಂಡಿದೆ; ಸೂರ್ಯನ ಕೆಳಗೆ ವಿಕಾಸಗೊಂಡ ಪ್ರಾಣಿಗೆ ಆ ನಂಬಿಕೆ ಸಹಜವೇ ಸರಿ. ಮಕ್ಕಳು ಕತ್ತಲೆಯಲ್ಲಿ ಗಲ್ಲದ ಕೆಳಗೆ ಟಾರ್ಚು ಹಿಡಿದು ಒಬ್ಬರನ್ನೊಬ್ಬರು ಹೆದರಿಸುವ ಆಟವು ಫಲಿಸುವುದೂ, ಕ್ಯಾಮರಾದ ಮೇಲೆಯೇ ಕುಳಿತ ಫ್ಲಾಷಿನ ಬೆಳಕಿನಲ್ಲಿ ಮುಖವು ಉಬ್ಬುತಗ್ಗುಗಳನ್ನು ಕಳೆದುಕೊಂಡು ಚಪ್ಪಟೆಯಾಗುವುದೂ ಇದರಿಂದಲೇ. ಮೊದಲನೆಯದರಲ್ಲಿ ನೆರಳು ತಪ್ಪು ಕಡೆಯಲ್ಲಿರುತ್ತದೆ. ಎರಡನೆಯದರಲ್ಲಿ ನೆರಳು ಮುಖದ ಹಿಂದೆ ಮರೆಯಾಗಿ ಮಸೂರಕ್ಕೆ ಕಾಣಿಸುವುದೇ ಇಲ್ಲ.

ನೆರಳು ಬೀಳುವ ಕಡೆಯಷ್ಟೇ ಮುಖ್ಯವಾದದ್ದು ಅದರ ಅಂಚು. ಸೂರ್ಯನ ವ್ಯಾಸವು ಸುಮಾರು 14 ಲಕ್ಷ ಕಿಲೋಮೀಟರ್. ಆದರೆ ನಮಗೂ ಅವನಿಗೂ ನಡುವೆ ಸುಮಾರು 15 ಕೋಟಿ ಕಿಲೋಮೀಟರ್ ಅಂತರವಿರುವುದರಿಂದ, ಆಕಾಶದಲ್ಲಿ ಅವನು ಆಕ್ರಮಿಸುವ ಕೋನವು ಅರ್ಧ ಡಿಗ್ರಿಯಷ್ಟು ಮಾತ್ರ. ಮುಖದ ಪಾಲಿಗೆ ಅವನೊಂದು ಚಿಕ್ಕ ದೀಪ. ಮೂಗಿನ ತುದಿಯು ಕೆನ್ನೆಯಿಂದ 3 ಸೆಂಟಿಮೀಟರ್ ಮುಂದಿರುವುದೆಂದು ಇಟ್ಟುಕೊಂಡರೆ, ಬಿಸಿಲಿನಲ್ಲಿ ಅದು ಕೆನ್ನೆಯ ಮೇಲೆ ಬೀಳಿಸುವ ನೆರಳಿಗೆ ಬೆಳಕಿನಿಂದ ಕತ್ತಲೆಗೆ ತಿರುಗಲು ದೊರೆಯುವ ಅವಕಾಶವು ಒಂದು ಮಿಲಿಮೀಟರಿನ ಮೂರರಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಅಂತಹ ನೆರಳು ಚಾಕುವಿನಿಂದ ಕೊರೆದ ಹಾಗೆ ಕಾಣುತ್ತದೆ. ಚರ್ಮದ ಪ್ರತಿಯೊಂದು ರಂಧ್ರಕ್ಕೂ ಸುಕ್ಕಿಗೂ ಅದೇ ಬಗೆಯ ಚೂಪಾದ ಅಂಚು ಬಂದು ಮುಖವು ಒರಟಾಗುತ್ತದೆ. ಈಗ ಅದೇ ವ್ಯಕ್ತಿಯನ್ನು, ಬಿಸಿಲು ನೇರವಾಗಿ ಬೀಳದ, ಒಂದು ಮೀಟರ್ ಅಗಲದ ಕಿಟಕಿಯ ಪಕ್ಕದಲ್ಲಿ ಒಂದು ಮೀಟರ್ ದೂರಕ್ಕೆ ಕುಳ್ಳಿರಿಸೋಣ. ಆ ಕಿಟಕಿಯು ಅವನ ಮುಖದಿಂದ ನೋಡಿದರೆ ಐವತ್ತು ಡಿಗ್ರಿಗೂ ಮೀರಿದ ಕೋನವನ್ನು ಆಕ್ರಮಿಸುತ್ತದೆ. ಅದೇ ಮೂಗಿನ ನೆರಳಿಗೆ ತಿರುಗಲು ಈಗ ಸುಮಾರು 3 ಸೆಂಟಿಮೀಟರ್ ಅವಕಾಶ ದೊರೆಯುತ್ತದೆ, ಎಂದರೆ ಹೆಚ್ಚುಕಡಿಮೆ ಕೆನ್ನೆಯ ಅಗಲವೇ ದೊರೆತಂತಾಯಿತು. ಇಂತಹ ಕಡೆಯಲ್ಲಿ ಬೆಳಕು ಮುಗಿದು ನೆರಳು ಮೊದಲಾಯಿತೆಂದು ಬೆರಳಿಟ್ಟು ತೋರಿಸಲಾಗದ ಆ ಅರೆನೆರಳಿನ ಹರಹಿನಲ್ಲಿಯೇ ಕೆನ್ನೆಯ ಉಬ್ಬು ಪ್ರತ್ಯಕ್ಷವಾಗುವುದು.

ಇದರಿಂದ ಒದಗುವ ಒಂದು ನಿಯಮವು ಹೊಸಬರಿಗೆ ವಿಪರೀತವಾಗಿ ತೋರುತ್ತದೆ. ದೀಪವನ್ನು ಹತ್ತಿರ ತಂದರೆ ಬೆಳಕು ಕಟುವಾಗುವುದೆಂದು ಎಣಿಸಿ, ಮೃದುವಾಗಲೆಂದು ಅವರು ಅದನ್ನು ದೂರ ಸರಿಸುತ್ತಾರೆ. ಆಗುವುದು ಇದಕ್ಕೆ ವಿರುದ್ಧವಾಗಿ. ದೀಪದ ಮುಂದೆ ಬಿಳಿಯ ಬಟ್ಟೆಯನ್ನು ಬಿಗಿದ ಸಾಫ್ಟ್‌ಬಾಕ್ಸು ಮುಖದಿಂದ ಒಂದು ಮೀಟರ್ ದೂರದಲ್ಲಿ ವಿಶಾಲವಾದ ಕಿಟಕಿಯ ಕೆಲಸ ಮಾಡುತ್ತದೆ. ಅದನ್ನೇ ಕೋಣೆಯ ಆಚೆಯ ಮೂಲೆಗೆ ಕೊಂಡೊಯ್ದರೆ ಚಿಕ್ಕ ದೀಪವಾಗಿ ಕುಗ್ಗಿ, ಹೆಚ್ಚು ಚೂಪಾದ ಅಂಚಿನ ನೆರಳನ್ನು ಬೀಳಿಸುತ್ತದೆ. ಬಟ್ಟೆಯ ಗುಣ ಹಾಗೆಯೇ ಇರುತ್ತದೆ, ಬದಲಾದದ್ದು ಕೋನ.

ಈ ತತ್ತ್ವವನ್ನು ಲೆಕ್ಕದಿಂದಲ್ಲ, ಕಣ್ಣಿನಿಂದ ಕಂಡುಕೊಂಡವರಲ್ಲಿ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಎಂಬಾಕೆಯನ್ನು ಇಲ್ಲಿ ಸ್ಮರಿಸಬೇಕು. ಆಕೆ 1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿ, 1879ರಲ್ಲಿ ಸಿಂಹಳದಲ್ಲಿ ತೀರಿಕೊಂಡಳು. ಇಂಗ್ಲೆಂಡಿನ ದಕ್ಷಿಣಕ್ಕಿರುವ ವೈಟ್ ದ್ವೀಪದಲ್ಲಿ ವಾಸವಾಗಿದ್ದಾಗ, 48ನೆಯ ವಯಸ್ಸಿನಲ್ಲಿ ಮಗಳೂ ಅಳಿಯನೂ ತಂದುಕೊಟ್ಟ ಕ್ಯಾಮರಾವೇ ಆಕೆಯ ಮೊದಲ ಕ್ಯಾಮರಾ. ಕೋಳಿಗಳಿದ್ದ ಗಾಜಿನ ಗೂಡೇ ಆಕೆಯ ಸ್ಟುಡಿಯೋ. ಆ ಕಾಲದ ವೃತ್ತಿಯ ಸ್ಟುಡಿಯೋಗಳು ಗಾಜಿನ ಮಾಡಿನಿಂದ ಹೇರಳವಾಗಿ ಬೆಳಕನ್ನು ಸುರಿಸಿ, ತಲೆಯು ಅಲುಗದಂತೆ ಹಿಂದಿನಿಂದ ಕಬ್ಬಿಣದ ಹಿಡಿಕೆಯನ್ನು ಕೊಟ್ಟು, ಮುಖದ ಎರಡು ಪಾರ್ಶ್ವಗಳನ್ನೂ ಸಮನಾಗಿ ಬೆಳಗಿಸಿ ಸ್ಫುಟವಾದ ಚಿತ್ರಗಳನ್ನು ತೆಗೆಯುತ್ತಿದ್ದುವು. ಆಕೆ ಪರದೆಗಳಿಂದ ಬೆಳಕನ್ನು ಮುಚ್ಚಿ, ಒಂದು ಕಡೆಯಿಂದ ಮಾತ್ರ ಒಳಬಿಟ್ಟಳು. ಆಗಿನ ಕೊಲೋಡಿಯನ್ ಫಲಕಗಳ ಮಂದಗತಿಗೆ ಅಷ್ಟು ಕಡಿಮೆ ಬೆಳಕು ಸಾಲದೆ, ಕುಳಿತವರು ನಿಮಿಷಗಟ್ಟಲೆ ಅಲ್ಲಾಡದಿರಬೇಕಾಗಿದ್ದಿತು. ಚಿತ್ರಗಳಲ್ಲಿ ಅಷ್ಟಿಷ್ಟು ಮಸುಕು ಸೇರುತ್ತಿದ್ದಿತು. ಅದಕ್ಕಾಗಿ ಛಾಯಾಗ್ರಹಣದ ಪತ್ರಿಕೆಗಳು ಆಕೆಯನ್ನು ಕಟುವಾಗಿಯೇ ಟೀಕಿಸಿದುವು. ಆ ಟೀಕೆಗಳು ಇಂದು ಯಾರಿಗೂ ಬೇಡ. 1867ರಲ್ಲಿ ಆಕೆ ತೆಗೆದ ಸರ್ ಜಾನ್ ಹರ್ಷೆಲ್‌ರ ಚಿತ್ರವಾದರೋ ಈಗಲೂ ನೋಡಿದವರನ್ನು ತಡೆದು ನಿಲ್ಲಿಸುತ್ತದೆ. ಚಿತ್ರವನ್ನು ಕಾಗದದ ಮೇಲೆ ಸ್ಥಿರಗೊಳಿಸುವ ಹೈಪೋ ಲವಣವು ಬೆಳ್ಳಿಯ ಸಂಯುಕ್ತಗಳನ್ನು ಕರಗಿಸಬಲ್ಲುದೆಂದು 1819ರಷ್ಟು ಹಿಂದೆಯೇ ಕಂಡುಹಿಡಿದ ಖಗೋಳವಿಜ್ಞಾನಿ ಈ ಹರ್ಷೆಲ್. ಚಿತ್ರ ತೆಗೆಸಿಕೊಂಡಾಗ ಅವರಿಗೆ 75 ವರ್ಷ. ಒಂದು ಪಕ್ಕದಿಂದ ಬಂದ ಬೆಳಕು ಕೆದರಿದ ಬಿಳಿಯ ಕೂದಲನ್ನೂ ಹಣೆಯ ಗೆರೆಗಳನ್ನೂ ಹಿಡಿದು ನಿಲ್ಲಿಸಿದೆ. ಉಡುಪೂ ಹಿನ್ನೆಲೆಯೂ ಕತ್ತಲೆಯಲ್ಲಿ ಕರಗಿಹೋಗಿವೆ. ತೇವದಿಂದ ಹೊಳೆಯುವ ಕಣ್ಣುಗಳು ಮಸೂರವನ್ನು ನೆಟ್ಟಗೆ ನೋಡುತ್ತಿವೆ. ಆ ವೃದ್ಧರ ಮುಖದಲ್ಲಿ ವಯಸ್ಸನ್ನು ಮರೆಸುವ ಪ್ರಯತ್ನವೇ ಇಲ್ಲ, ಆದರೂ ನೆರಳು ಮೃದುವಾಗಿರುವುದರಿಂದ ಕ್ರೌರ್ಯವೂ ಇಲ್ಲ. ನನ್ನ ಮಟ್ಟಿಗೆ, ಭಾವಚಿತ್ರದ ಬೆಳಕನ್ನು ಕಲಿಯುವವನಿಗೆ ಇದಕ್ಕಿಂತ ಉತ್ತಮವಾದ ಪಾಠ ಮತ್ತೊಂದಿಲ್ಲ.

ಗಾಜಿನ ಸ್ಟುಡಿಯೋ ಕಟ್ಟಿಸುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಆದರೆ ನಮ್ಮ ಹಳೆಯ ತೊಟ್ಟಿಮನೆಗಳಲ್ಲಿ ಅದಕ್ಕೆ ಮಿಗಿಲಾದ ವ್ಯವಸ್ಥೆಯು ತಾನಾಗಿಯೇ ಒದಗಿದೆ. ನಡುವಿನ ತೊಟ್ಟಿಯು ಆಕಾಶಕ್ಕೆ ತೆರೆದಿರುತ್ತದೆ; ಅದರ ಸುತ್ತಲೂ ಕಂಬಗಳ ಆಚೆಗೆ ಪಡಸಾಲೆಯು ಮಾಡಿನ ಕೆಳಗಿರುತ್ತದೆ. ಕುಳಿತುಕೊಳ್ಳುವವರನ್ನು ತೊಟ್ಟಿಯ ಅಂಚಿನಲ್ಲಿಯೇ ಕೂರಿಸಿದರೆ ಬೆಳಕು ನೆತ್ತಿಯ ಮೇಲಿನಿಂದ ಬಿದ್ದು, ಹುಬ್ಬುಗಳು ಕಣ್ಣುಗಳಿಗೆ ಮರೆಯಾಗಿ ಗುಳಿಗಳು ಕಪ್ಪಾಗುತ್ತವೆ. ಅವರನ್ನು ಮೂರು ನಾಲ್ಕು ಅಡಿ ಒಳಕ್ಕೆ ಸರಿಸಿದರೆ, ಮಾಡಿನ ಅಂಚು ನೆತ್ತಿಯ ಮೇಲಣ ಆಕಾಶವನ್ನು ಮರೆಮಾಡಿ, ಓರೆಯಾಗಿ ಬರುವ ಬೆಳಕು ಮಾತ್ರ ಮುಖವನ್ನು ಮುಟ್ಟುತ್ತದೆ. ಅಲ್ಲಿ ಅವರ ಮುಖವನ್ನು ತೊಟ್ಟಿಯಿಂದ ನಲವತ್ತೈದು ಡಿಗ್ರಿಯಷ್ಟು ಓರೆಯಾಗಿ ತಿರುಗಿಸುತ್ತ ಹೋದರೆ, ಒಂದು ಘಟ್ಟದಲ್ಲಿ ಮೂಗಿನ ನೆರಳು ಕೆನ್ನೆಯ ನೆರಳನ್ನು ಹೋಗಿ ಕೂಡಿಕೊಂಡು, ನೆರಳಿನ ಕಡೆಯ ಕಣ್ಣಿನ ಕೆಳಗೆ ಬೆಳಕಿನ ಒಂದು ಸಣ್ಣ ತ್ರಿಕೋನವು ಉಳಿಯುತ್ತದೆ. ಹದಿನೇಳನೆಯ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್‌ನ ಹೆಸರಿನಿಂದ ಛಾಯಾಗ್ರಾಹಕರು ಕರೆಯುವ ಬೆಳಕು ಇದೇ. ಇಲ್ಲಿ ಗಮನಿಸಲೇಬೇಕಾದ ಸಣ್ಣ ಸಂಗತಿಯೊಂದುಂಟು. ಇಂತಹ ಮನೆಗಳ ನೆಲಕ್ಕೆ ಹೆಚ್ಚಾಗಿ ಕೆಂಪು ಗಾರೆ ಹಾಕಿ ಉಜ್ಜಿರುತ್ತಾರೆ. ಅದರಿಂದ ಚಿಮ್ಮಿದ ಬೆಳಕು ಗಲ್ಲದ ಅಡಿಗೂ ಮೂಗಿನ ಅಡಿಗೂ ಕೆಂಪನ್ನು ಬಳಿಯುತ್ತದೆ. ಕಣ್ಣಿಗೆ ಇದು ಸುಲಭವಾಗಿ ಗೋಚರಿಸದಿದ್ದರೂ ಬಣ್ಣದ ಚಿತ್ರದಲ್ಲಿ ನಿಚ್ಚಳವಾಗಿ ಕಾಣುತ್ತದೆ. ನೆಲದ ಮೇಲೆ ಬಿಳಿಯ ಪಂಚೆಯೊಂದನ್ನು ಹಾಸಿದರೆ ಕೆಂಪು ಹೋಗುವುದಲ್ಲದೆ, ನೆರಳಿನ ಕಡೆಗೂ ತಕ್ಕಷ್ಟು ಬೆಳಕು ಸಂದು ವಿವರಗಳು ಉಳಿದುಕೊಳ್ಳುತ್ತವೆ. ಸ್ಟುಡಿಯೋಗಳಲ್ಲಿ ಥರ್ಮೊಕೋಲಿನ ಹಲಗೆಯಿಂದ ಮಾಡಿಸುವ ಕೆಲಸವೂ ಇದೇ ಆಗಿದೆ.

ಬೆಳಕು ಸರಿಯಾಗಿ ಕೂತಿತೇ ಎಂಬುದಕ್ಕೆ ಕಣ್ಣಿನ ಪಾಪೆಯೇ ಪ್ರಮಾಣ. ಪಾಪೆಯ ಮುಂದಿರುವ ಪಾರದರ್ಶಕ ಪಟಲವು ಒಂದು ಪುಟ್ಟ ಉಬ್ಬುಗನ್ನಡಿಯಾಗಿರುವುದರಿಂದ, ಕಿಟಕಿಯೋ ದೀಪವೋ ಅದರಲ್ಲಿ ಕಿರಿದಾಗಿ ಪ್ರತಿಬಿಂಬಿಸಿ ಬೆಳಕಿನ ಚುಕ್ಕಿಯಾಗಿ ನಿಲ್ಲುತ್ತದೆ. ಗಡಿಯಾರದ ಮುಖದಲ್ಲಿ ಹತ್ತು ಗಂಟೆಯ ಕಡೆಗೋ ಎರಡು ಗಂಟೆಯ ಕಡೆಗೋ ಆ ಚುಕ್ಕಿಯಿದ್ದರೆ ಬೆಳಕು ಓರೆಯಾಗಿ ಮೇಲಿನಿಂದ ಬರುತ್ತಿದೆಯೆಂದು ತಿಳಿಯಬಹುದು. ಚುಕ್ಕಿಯೇ ಇಲ್ಲದಿದ್ದರೆ ಕಣ್ಣುಗಳು ಕಳೆಗುಂದಿ, ಮಿಕ್ಕೆಲ್ಲವೂ ಸರಿಯಿದ್ದರೂ ಮುಖವು ನಿರ್ಜೀವವಾಗಿ ಕಾಣುತ್ತದೆ.

ದೀಪದ ದೂರಕ್ಕೆ ಸಂಬಂಧಿಸಿದ ಇನ್ನೊಂದು ಸಂಗತಿ ವಿಲೋಮ ವರ್ಗ ನಿಯಮದ್ದು. ದೂರವು ಎರಡರಷ್ಟಾದರೆ ಬೆಳಕು ನಾಲ್ಕರಲ್ಲೊಂದು ಭಾಗಕ್ಕೂ, ಮೂರರಷ್ಟಾದರೆ ಒಂಬತ್ತರಲ್ಲೊಂದು ಭಾಗಕ್ಕೂ ಇಳಿಯುವುದು. ಚಿಕ್ಕ ದೀಪಗಳ ವಿಷಯದಲ್ಲಿ ಇದು ಸರಿಯಾಗಿಯೂ, ಸಮೀಪದ ದೊಡ್ಡ ಕಿಟಕಿಯ ವಿಷಯದಲ್ಲಿ ಸ್ಥೂಲವಾಗಿಯೂ ಸಲ್ಲುವುದು. ದೀಪವು ಹತ್ತಿರದ ಕೆನ್ನೆಗೆ 50 ಸೆಂಟಿಮೀಟರ್ ದೂರದಲ್ಲಿದ್ದು, ಆಚೆಯ ಕೆನ್ನೆಯು ಇನ್ನೂ 15 ಸೆಂಟಿಮೀಟರ್ ಆಚೆಗಿದ್ದರೆ, ಅಲ್ಲಿಗೆ ಮುಟ್ಟುವ ಬೆಳಕು ಶೇಕಡಾ 59ರಷ್ಟು ಮಾತ್ರ. ದೀಪವನ್ನು 2 ಮೀಟರ್ ದೂರಕ್ಕೆ ಒಯ್ದರೆ ಶೇಕಡಾ 87ರಷ್ಟು ಮುಟ್ಟುವುದು. ಒಬ್ಬರ ಮುಖದಲ್ಲಿ ಗಾಂಭೀರ್ಯವನ್ನು ತರಬೇಕಾದಲ್ಲಿ ಮೊದಲನೆಯದೂ, ಅಕ್ಕಪಕ್ಕ ಕುಳಿತ ಹಲವರನ್ನು ಸಮನಾಗಿ ಬೆಳಗಿಸಬೇಕಾದಲ್ಲಿ ಎರಡನೆಯದೂ ಯುಕ್ತ. ಹಿನ್ನೆಲೆಯ ಗೋಡೆಯನ್ನು ಕತ್ತಲಾಗಿಸುವುದಕ್ಕೆ ಕಪ್ಪು ಪರದೆಯೇ ಬೇಕೆಂದಿಲ್ಲ: ದೀಪವನ್ನು ಮುಖಕ್ಕೆ ಹತ್ತಿರ ತಂದು, ಮುಖವನ್ನು ಗೋಡೆಯಿಂದ ದೂರ ಮಾಡಿದರೆ ಬಿಳಿಗೋಡೆಯೂ ಬೂದುಬಣ್ಣಕ್ಕೆ ಇಳಿಯುತ್ತದೆ.

ಇನ್ನು ಕ್ಯಾಮರಾ ನಿಲ್ಲಬೇಕಾದ ದೂರ. ಇಂತಿಂತಹ ಮಸೂರದಿಂದ ಮೂಗು ದೊಡ್ಡದಾಗುವುದೆಂದು ಜನ ಹೇಳುವುದುಂಟು. ವಾಸ್ತವವಾಗಿ ಮುಖದ ಅನುಪಾತಗಳನ್ನು ನಿರ್ಣಯಿಸುವುದು ದೂರವೊಂದೇ. ಮೂಗಿನ ತುದಿಗೂ ಕಿವಿಗೂ ನಡುವೆ 12 ಸೆಂಟಿಮೀಟರ್ ಅಂತರವಿದೆಯೆಂದು ಭಾವಿಸಿದರೆ, ಮೂಗಿನಿಂದ 30 ಸೆಂಟಿಮೀಟರ್ ದೂರದಲ್ಲಿ ಹಿಡಿದ ಮೊಬೈಲ್ ಫೋನಿಗೆ ಕಿವಿಯು 42 ಸೆಂಟಿಮೀಟರ್ ದೂರದಲ್ಲಿದೆ. ಆದುದರಿಂದ ಮೂಗಿಗೆ ಹೋಲಿಸಿದರೆ ಕಿವಿಯು ತನ್ನ ನಿಜವಾದ ಅನುಪಾತದ ಶೇಕಡಾ 71ಕ್ಕೆ ಕುಗ್ಗಿ, ಮುಖವೆಲ್ಲವೂ ಮೂಗಿನ ಸುತ್ತ ನೆರೆದಂತೆ ಕಾಣುತ್ತದೆ. 2 ಮೀಟರ್ ದೂರದಿಂದಾದರೆ ಅದು ಶೇಕಡಾ 94ರಷ್ಟಿರುತ್ತದೆ. ನಾವು ಒಬ್ಬರನ್ನೊಬ್ಬರು ಮಾತನಾಡಿಸುವಾಗ ಕಾಣುವ ಮುಖವು ಇದಕ್ಕೆ ಹತ್ತಿರವಾದದ್ದು. ಅಷ್ಟು ದೂರದಿಂದ ತಲೆಯೂ ಹೆಗಲೂ ಚೌಕಟ್ಟನ್ನು ತುಂಬುವ ಹಾಗೆ ತೆಗೆಯಲು ಅನುಕೂಲವಾಗುವುದರಿಂದಲೇ 85ರಿಂದ 105 ಮಿಲಿಮೀಟರಿನ ಮಸೂರಗಳು ಭಾವಚಿತ್ರಕ್ಕೆ ಪ್ರಶಸ್ತವೆನಿಸಿರುವುದು. ಮಸೂರದ ದ್ವಾರವನ್ನು ಪೂರ್ತಿ ತೆರೆದು ಹಿನ್ನೆಲೆಯನ್ನು ಕರಗಿಸುವ ಮೋಹವು ಈಚೆಗೆ ಮಿತಿಮೀರಿದೆ. 85 ಮಿಲಿಮೀಟರ್ ಮಸೂರವನ್ನು ಎಫ್ 1.8ಕ್ಕೆ ತೆರೆದು ಒಂದೂವರೆ ಮೀಟರ್ ದೂರದಿಂದ ತೆಗೆದರೆ, ಸ್ಫುಟವಾಗಿ ನಿಲ್ಲುವ ಆಳವು ಮೂರು ಸೆಂಟಿಮೀಟರಿಗೆ ಸ್ವಲ್ಪ ಮೇಲಷ್ಟೆ. ಮುಖವು ಓರೆಯಾಗಿದ್ದರೆ ಒಂದು ಕಣ್ಣು ಸ್ಫುಟವಾಗಿ ಇನ್ನೊಂದು ಮಸುಕಾಗುವುದು. ಎಫ್ 5.6ಕ್ಕೆ ಇಳಿಸಿದರೆ ಹತ್ತು ಸೆಂಟಿಮೀಟರ್ ದೊರೆಯುತ್ತದೆ. ಯಾವ ದ್ವಾರವೇ ಆಗಲಿ, ಫೋಕಸ್ ಮಾಡತಕ್ಕದ್ದು ಕ್ಯಾಮರಾಕ್ಕೆ ಹತ್ತಿರದ ಕಣ್ಣಿನ ಮೇಲೆ.

ಚರ್ಮದ ವಿಷಯಕ್ಕೆ ಬಂದರೆ ನಮ್ಮ ನಾಡಿನವರು ವಿಶೇಷವಾಗಿ ಅರಿತಿರಬೇಕಾದದ್ದುಂಟು. ಚರ್ಮಕ್ಕೆ ನೇರವಾಗಿ ಬಿದ್ದ ಬೆಳಕಿನಲ್ಲಿ ಶೇಕಡಾ ನಾಲ್ಕರಷ್ಟು ಮಾತ್ರ ಮೇಲ್ಮೈಯಿಂದಲೇ ಕನ್ನಡಿಯಲ್ಲಿ ಆಗುವಂತೆ ಹಿಂದಿರುಗುತ್ತದೆ. ಉಳಿದದ್ದು ಒಳಹೊಕ್ಕು, ಮೆಲನಿನ್ ವರ್ಣಕಣಗಳಲ್ಲಿಯೂ ರಕ್ತದ ಹಿಮೋಗ್ಲೋಬಿನ್ನಿನಲ್ಲಿಯೂ ಒಂದಷ್ಟು ಹೀರಲ್ಪಟ್ಟು, ಚೆದರಿ, ಚರ್ಮದ ಬಣ್ಣವನ್ನು ಹೊತ್ತು ಹೊರಬರುತ್ತದೆ. ಬಿಳಿಯ ಚರ್ಮದಲ್ಲಿ ಈ ಎರಡನೆಯ ಬೆಳಕೇ ಪ್ರಧಾನ. ಕಪ್ಪು ಚರ್ಮದಲ್ಲಿ ಅದು ಕಡಿಮೆಯಾಗುವುದರಿಂದ ಮೇಲ್ಮೈಯ ಹೊಳಪು ರೂಪವನ್ನು ತೋರಿಸುವ ಹೊಣೆಯನ್ನು ಬಹುಮಟ್ಟಿಗೆ ಹೊರುತ್ತದೆ. ಚಿಕ್ಕ ಫ್ಲಾಷಿನಲ್ಲಿ ಆ ಹೊಳಪು ಹಣೆಯ ಮೇಲೆ ಎಣ್ಣೆಯ ಬೊಟ್ಟಿನಂತೆ ಸಿಡಿಯುತ್ತದೆ. ವಿಶಾಲವಾದ ಬೆಳಕಿನಲ್ಲಿ ಅದೇ ಹೊಳಪು ಕೆನ್ನೆಯ ಎಲುಬಿನ ಉದ್ದಕ್ಕೂ ಹರಡಿ ಮುಖವನ್ನು ಅಪೂರ್ವವಾಗಿ ಕಡೆದು ನಿಲ್ಲಿಸುತ್ತದೆ. ಕಪ್ಪು ಮೈಬಣ್ಣದವರ ಚಿತ್ರ ಕೆಡುವುದು ಅವರ ಬಣ್ಣದ ದೋಷದಿಂದಲ್ಲ, ಕ್ಯಾಮರಾದಲ್ಲಿ ಬೆಳಕನ್ನು ಅಳೆಯುವ ಮೀಟರಿನ ದೋಷದಿಂದ. ದೃಶ್ಯವೆಲ್ಲವೂ ನಡುತರದ ಬೂದುಬಣ್ಣದ್ದೆಂದು ಮೀಟರು ಎಣಿಸುತ್ತದೆ. ಬಿಳಿಯ ಪಂಚೆ ಅಂಗಿಗಳನ್ನು ಧರಿಸಿದವರನ್ನು ಕಂಡೊಡನೆ ಬೆಳಕು ಹೆಚ್ಚಾಯಿತೆಂದು ಬಗೆದು ಎಕ್ಸ್‌ಪೋಷರನ್ನು ತಗ್ಗಿಸುತ್ತದೆ. ಮುಖವು ಕತ್ತಲೆಯಲ್ಲಿ ಮುಳುಗುತ್ತದೆ. ಆದುದರಿಂದ ಅಳೆಯಬೇಕಾದದ್ದು ಮುಖದ ಮೇಲೆ ಬೀಳುವ ಬೆಳಕನ್ನೇ. ಅಂಗೈಯಲ್ಲಿ ಮೆಲನಿನ್ ಕಡಿಮೆಯಿರುವುದರಿಂದ ಎಲ್ಲ ಮೈಬಣ್ಣದವರ ಅಂಗೈಯೂ ಹೆಚ್ಚುಕಡಿಮೆ ಒಂದೇ ಅಳತೆಯನ್ನು ಕೊಡುತ್ತದೆ. ಮುಖದ ಮೇಲೆ ಬೀಳುವ ಬೆಳಕಿಗೆ ಅಂಗೈಯನ್ನು ಒಡ್ಡಿ ಅಳೆದು, ಅದಕ್ಕಿಂತ ಒಂದು ಸ್ಟಾಪ್ ಹೆಚ್ಚು ಬೆಳಕನ್ನು ಕೊಡುವುದು ಹಳೆಯ ಛಾಯಾಗ್ರಾಹಕರ ಕ್ರಮ. ಇಷ್ಟನ್ನು ಮಾಡದೆ, ಚಿತ್ರ ತೆಗೆದ ಮೇಲೆ ಕಂಪ್ಯೂಟರಿನಲ್ಲಿ ಮುಖವನ್ನು ಬಿಳಿಚಿಸಿ ಕೊಡುವ ಸ್ಟುಡಿಯೋಗಳ ಅಭ್ಯಾಸವು ನನಗೆ ಅತ್ಯಂತ ಖೇದವನ್ನುಂಟುಮಾಡುತ್ತದೆ. ಸರಿಯಾದ ಬೆಳಕಿನಲ್ಲಿ ಅಷ್ಟು ಚೆಲುವಾಗಿ ತೋರಬಹುದಾಗಿದ್ದ ಮುಖವನ್ನು ಅದು ಇನ್ನಾರದೋ ಮುಖವನ್ನಾಗಿ ಮಾಡಿಬಿಡುತ್ತದೆ.

ಮೃದುವಾದ ಬೆಳಕು, ಕಟುವಾದ ಬೆಳಕು ಇವೆರಡರ ಅತ್ಯುತ್ತಮ ಪ್ರಯೋಗಗಳನ್ನು ನಮ್ಮ ದೇಶದ ಚಲನಚಿತ್ರಗಳಲ್ಲಿ ಕಾಣಬಹುದಾಗಿದೆ. 1956ರಲ್ಲಿ ಬಂದ ಸತ್ಯಜಿತ್ ರಾಯ್ ಅವರ 'ಅಪರಾಜಿತೋ' ಚಿತ್ರಕ್ಕಾಗಿ ಕಾಶಿಯ ಮನೆಯೊಂದರ ಒಳಾಂಗಣವನ್ನು ಸ್ಟುಡಿಯೋದೊಳಗೆ ಕಟ್ಟಬೇಕಾಗಿ ಬಂದಾಗ, ಛಾಯಾಗ್ರಾಹಕ ಸುಬ್ರತ ಮಿತ್ರರು ಅಂಗಳದ ಮೇಲೆ ಬಿಳಿಯ ಬಟ್ಟೆಯನ್ನು ಬಿಗಿದು, ದೀಪಗಳನ್ನು ಕೆಳಗಿನಿಂದ ಅದರತ್ತ ತಿರುಗಿಸಿ, ಚಿಮ್ಮಿ ಬಂದ ಬೆಳಕಿನಿಂದಲೇ ಆಕಾಶವನ್ನು ಸೃಷ್ಟಿಸಿದರು. ತೊಟ್ಟಿಮನೆಯ ಬೆಳಕೇ ಅದು. ಮೈಸೂರಿನಲ್ಲಿ ಹುಟ್ಟಿದ ವಿ. ಕೆ. ಮೂರ್ತಿಯವರು 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಹಿಡಿದದ್ದು ಇದಕ್ಕೆ ತದ್ವಿರುದ್ಧವಾದ ದಾರಿ. ಮೇಲಿನಿಂದ ಇಳಿಯುವ ಒಂದೇ ಕಿರಣಸ್ತಂಭವು ಬೇಕಾಗಿದ್ದಿತು. ಸ್ಟುಡಿಯೋ ದೀಪಗಳ ಕಿರಣಗಳು ಹೊರಟೊಡನೆ ಅಗಲವಾಗಿ ಹರಡಿಕೊಳ್ಳುತ್ತವೆ. ಆದುದರಿಂದ ಅವರು ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಹಿಡಿದು, ಒಂದರಿಂದೊಂದಕ್ಕೆ ಹಾಯಿಸಿ ಒಳಕ್ಕೆ ತಂದರು. ಸೂರ್ಯನ ಆ ಅರ್ಧ ಡಿಗ್ರಿಯ ಕೋನವೇ, ಮುಖವನ್ನು ಒರಟಾಗಿಸುವ ಆ ಗುಣವೇ, ಅಲ್ಲಿ ಕಿರಣಗಳನ್ನು ಸಮಾನಾಂತರವಾಗಿರಿಸಿ ಸ್ತಂಭವನ್ನು ನಿಲ್ಲಿಸಿತು.

ಮದುವೆಯ ಛತ್ರಗಳಲ್ಲಿ ಫ್ಲಾಷನ್ನು ನೇರವಾಗಿ ಮುಖಕ್ಕೆ ಹೊಡೆಯದೆ ಮೇಲ್ಛಾವಣಿಗೋ ಪಕ್ಕದ ಗೋಡೆಗೋ ತಿರುಗಿಸುವ ಛಾಯಾಗ್ರಾಹಕರು ಅನುಸರಿಸುತ್ತಿರುವುದು ಸುಬ್ರತ ಮಿತ್ರರ ಕ್ರಮವನ್ನೇ. ಅವರು ಎರಡು ಸಂಗತಿಗಳನ್ನು ನೆನಪಿನಲ್ಲಿಡಬೇಕು. ಛಾವಣಿಯು ಬಹಳ ಎತ್ತರವಾಗಿದ್ದರೆ ಬೆಳಕು ಹೋಗಿ ಬರುವಷ್ಟರಲ್ಲಿ ಕ್ಷೀಣಿಸುವುದರಿಂದ ಪಕ್ಕದ ಗೋಡೆಯೇ ಮೇಲು. ಗೋಡೆಗೆ ಹಸಿರನ್ನೋ ನೀಲಿಯನ್ನೋ ಬಳಿದಿದ್ದರೆ ಆ ಬಣ್ಣವು ವಧೂವರರ ಮುಖಕ್ಕೆ ಇಳಿಯುವುದರಿಂದ, ಅಂತಹ ಕಡೆಗಳಲ್ಲಿ ಗೋಡೆಯ ಆಸೆಯನ್ನು ಬಿಟ್ಟು, ಜೊತೆಯಲ್ಲಿ ತಂದ ಬಿಳಿಯ ಛತ್ರಿಯನ್ನು ಬಿಚ್ಚಿ ಫ್ಲಾಷನ್ನು ಅದಕ್ಕೆ ತಿರುಗಿಸುವುದು ಉಚಿತ.